ಮಗನ ರಕ್ತದಲ್ಲಿ ಸೀಸ 27.4 ಬಂದಿದೆ, ಈ ರಿಪೋರ್ಟ್ ನಂಬಬಹುದಾ?

ತುಮಕೂರಿನ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಎರಡು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗನಿಗೆ ಮೂರೂವರೆ ವರ್ಷ. ಆರು ತಿಂಗಳಿಂದ ಅವನಿಗೆ ಊಟ ಸೇರುತ್ತಿಲ್ಲ. ಆಗಾಗ ಹೊಟ್ಟೆನೋವು ಅಂತ ಮುದುಡಿಕೊಂಡು ಮಲಗಿಬಿಡುತ್ತಾನೆ. ಮೂರು ನಾಲ್ಕು ದಿನ ಕಕ್ಕಸಿಗೆ ಹೋಗುವುದೇ ಇಲ್ಲ. ಮೊದಲು ಮಾತಿನ ಮಲ್ಲ ಆಗಿದ್ದ, ಈಗ ಸಣ್ಣ ಸಣ್ಣದಕ್ಕೂ ಸಿಡುಕು, ಅಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಇತ್ತು. ಮೊದಲು ತೋರಿಸಿದ ಡಾಕ್ಟರು ಜಂತುಹುಳದ ಔಷಧಿ, ಕಬ್ಬಿಣಾಂಶದ ಸಿರಪ್ ಬರೆದುಕೊಟ್ಟರು. ಮೂರು ತಿಂಗಳು ತಪ್ಪದೆ ಕುಡಿಸಿದೆ. 8.9 ಆಯಿತು, ಅಷ್ಟೇ.

ಹೋದ ವಾರ ಬೇರೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಮಗುವಿನ ಹೊಟ್ಟೆ ಮುಟ್ಟುವ ಮುಂಚೆ ನನ್ನ ಗಂಡನ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಬೂದುಬಣ್ಣದ ಗೆರೆ ಇತ್ತು. "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು.

ನಮ್ಮದು ಬ್ಯಾಟರಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಇನ್ವರ್ಟರ್ ಬ್ಯಾಟರಿ, ಟ್ರ್ಯಾಕ್ಟರ್ ಬ್ಯಾಟರಿ ಎಲ್ಲ ಬರುತ್ತವೆ. ಹಳೆಯದನ್ನು ಬಿಚ್ಚಿ ಪ್ಲೇಟ್ ಬದಲಾಯಿಸುತ್ತಾರೆ. ಟರ್ಮಿನಲ್ ಹಾಳಾಗಿದ್ದರೆ ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿ ಹೊಸದು ಹೊಯ್ಯುತ್ತಾರೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ನಮ್ಮ ಅನ್ನ ಅದರಿಂದಲೇ.

ಡಾಕ್ಟರು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಲು ಬರೆದರು. ಬೆರಳು ಚುಚ್ಚಿ ರಕ್ತ ತೆಗೆದರು. ರಿಪೋರ್ಟ್‌ನಲ್ಲಿ 27.4 ಅಂತ ಇದೆ, ಪಕ್ಕದಲ್ಲಿ 5ಕ್ಕಿಂತ ಕಡಿಮೆ ಇರಬೇಕು ಅಂತ ಬರೆದಿದೆ. ಅತ್ತೆ ಮಾವ "ಮಿಷನ್ ತಪ್ಪು ತೋರಿಸಿದೆ, ನಾವೆಲ್ಲ ಇದೇ ಮನೆಯಲ್ಲಿ ಇಲ್ವಾ" ಅನ್ನುತ್ತಾರೆ. ನಮ್ಮ ಬೀದಿಯ ಇನ್ನೊಂದು ಮಗುವಿಗೆ ಬೆಂಗಳೂರಿನಲ್ಲಿ ಇದೇ ಪರೀಕ್ಷೆ ಮಾಡಿಸಿದಾಗ 31 ಬಂದಿತ್ತಂತೆ, ಅಲ್ಲಿನ ಡಾಕ್ಟರು ಏನೂ ತೊಂದರೆ ಇಲ್ಲ ಅಂದರಂತೆ. ಹಾಗಾದರೆ 27 ಯಾಕೆ ಜಾಸ್ತಿ?

ಇನ್ನೊಬ್ಬರು ಕೂದಲು ಪರೀಕ್ಷೆ ಮಾಡಿಸಿ, ಮೂವತ್ತು ಲೋಹ ಒಟ್ಟಿಗೆ ಗೊತ್ತಾಗುತ್ತೆ, ಆಮೇಲೆ ಅವರೇ ವಿಷ ತೆಗೆಯುವ ಪುಡಿ ಕೊಡ್ತಾರೆ ಅಂತ ನಂಬರ್ ಕೊಟ್ಟಿದ್ದಾರೆ. ಎಂಟು ಸಾವಿರ ಆಗುತ್ತೆ. ಮಾಡಿಸಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.


ಮೈಸೂರು ಹುಡುಗ

ಅಕ್ಕಾ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಚಿಕ್ಕಪ್ಪ ಫ್ಯಾಕ್ಟರಿಯಲ್ಲಿ ಇದ್ದಾಗ 40ರ ತನಕ ಪರವಾಗಿಲ್ಲ ಅಂತ ಹೇಳುತ್ತಿದ್ದರಂತೆ. ಕೂದಲು ಪರೀಕ್ಷೆ ನೋವಿಲ್ಲ, ಮಗುವಿಗೆ ಸೂಜಿ ಚುಚ್ಚುವುದು ತಪ್ಪುತ್ತೆ. ಒಂದು ಸಲ ಮಾಡಿಸಿ ನೋಡಿ.


ಲ್ಯಾಬ್ ಅಕ್ಕ

ತಂಗಿ, ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ 1997ರಿಂದ 22 ವರ್ಷ ರಕ್ತದಲ್ಲಿ, ಮೂತ್ರದಲ್ಲಿ, ನೀರಿನಲ್ಲಿ ಲೋಹ ಅಳೆಯುವ ಕೆಲಸ ಮಾಡಿದವಳು. ಡಾಕ್ಟರ್ ಅಲ್ಲ, ಟೆಕ್ನಿಷಿಯನ್. ಔಷಧಿಯ ಮಾತು ನಿಮ್ಮ ಡಾಕ್ಟರದ್ದೇ. ಆದರೆ ಆ ನಂಬರ್ ಎಲ್ಲಿಂದ ಬರುತ್ತೆ, ಅದನ್ನು ಎಷ್ಟು ನಂಬಬೇಕು ಅನ್ನುವುದನ್ನು ನಾನು ಹೇಳಬಲ್ಲೆ.

ಮೊದಲು ನಿಮ್ಮ ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸಿ. ಅಪ್ಪನ ಉಗುರು ನೋಡಿ ಮಗುವಿನ ಕಾಯಿಲೆ ಹಿಡಿದಿದ್ದಾರೆ. ಅಂಥವರನ್ನು ಬಿಡಬೇಡಿ.

ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ 27.4 ಬಂದಿದ್ದರೆ, ಈ ವಾರವೇ ತೋಳಿನ ರಕ್ತನಾಳದಿಂದ ತೆಗೆಸಿ ಇನ್ನೊಂದು ಸಲ ನೋಡಲೇಬೇಕು. ಯಾಕೆ ಅಂತ ಹೇಳುತ್ತೇನೆ. 2004ರಲ್ಲಿ ಒಂದು ಪುಟ್ಟ ಹುಡುಗಿಯ ರಕ್ತ ಬಂದಿತ್ತು. ಬೆರಳಿನಿಂದ ತೆಗೆದದ್ದು. ನಾನು ಮಿಷನ್‌ಗೆ ಹಾಕಿ ಅಳೆದಾಗ 61 ಬಂತು. ಎದೆ ಝಲ್ ಅಂತು. ಅಷ್ಟಿದ್ದರೆ ಆಸ್ಪತ್ರೆಗೆ ಸೇರಿಸಬೇಕು. ಮಾರನೆಯ ದಿನ ತೋಳಿನಿಂದ ತೆಗೆಸಿದಾಗ 9. ಏನಾಗಿತ್ತು ಗೊತ್ತಾ? ಮಗು ಅತ್ತಾಗ ಅಪ್ಪ ತನ್ನ ಕೆಲಸದ ಅಂಗಿಯ ಚುಂಗಿನಲ್ಲಿ ಅದರ ಬೆರಳು ಒರೆಸಿದ್ದ. ಅಂಗಿಯ ದೂಳು ಬೆರಳಿಗೆ, ಬೆರಳಿನಿಂದ ಆ ಒಂದು ಹನಿಗೆ. ಅಳೆಯುವುದು ಅಷ್ಟು ಸೂಕ್ಷ್ಮ. ಹಾಗಂತ ಅತ್ತೆಯವರಿಗೆ "ನೋಡಿ, ತಪ್ಪಿರಬಹುದು" ಅಂತ ಹೇಳಿ ಸುಮ್ನೆ ಕೂರಬೇಡಿ. ನೀವು ಹೇಳಿದ ಹೊಟ್ಟೆನೋವು, ಮಲಬದ್ಧತೆ, ಏರದ ಹಿಮೋಗ್ಲೋಬಿನ್ ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತಿವೆ. ಜೊತೆಗೆ ಆ 9 ಕೂಡ ಒಳ್ಳೆಯ ನಂಬರ್ ಆಗಿರಲಿಲ್ಲ. ಆ ಮನೆಯ ದೂಳು ನಿಜವಾಗಿಯೂ ಮಗುವಿನ ಒಳಗೆ ಹೋಗಿತ್ತು.

ರಕ್ತ ತೆಗೆಯುವ ಮೊದಲು ಮಗುವಿನ ತೋಳನ್ನು ಸೋಪು ಹಾಕಿ ತೊಳೆಯಿರಿ. ಒಗೆದ ಬಟ್ಟೆ ಹಾಕಿ. ಆವತ್ತು ಎತ್ತಿಕೊಳ್ಳುವುದು ನೀವೇ ಆಗಲಿ, ಅವರಪ್ಪ ಬೇಡ. ನೇರಳೆ ಮುಚ್ಚಳದ ಟ್ಯೂಬ್ ಆಗಬಹುದು, ಆದರೆ ಆ ಟ್ಯೂಬಿನಲ್ಲೇ ಸೀಸ ಇಲ್ಲ ಅಂತ ಪರೀಕ್ಷಿಸಿದ್ದಾರಾ ಅಂತ ಲ್ಯಾಬಿನವರನ್ನು ಕೇಳಿ. ಕೇಳಲು ಸಂಕೋಚ ಬೇಡ. ಒಳ್ಳೆಯ ಲ್ಯಾಬಿನವರಿಗೆ ಆ ಪ್ರಶ್ನೆ ಕೇಳಿದರೆ ಖುಷಿ ಆಗುತ್ತೆ.

ಈಗ ಆ 31ರ ವಿಷಯ. ಆ ರಿಪೋರ್ಟ್ ಸಿಕ್ಕರೆ ನಂಬರಿನ ಪಕ್ಕದಲ್ಲಿ ಏನು ಬರೆದಿದೆ ನೋಡಿ. ಕೆಲವು ಲ್ಯಾಬ್ ಒಂದು ಲೀಟರಿಗೆ ಎಷ್ಟು ಮೈಕ್ರೋಗ್ರಾಂ (ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು) ಅಂತ ಬರೆಯುತ್ತವೆ, ಕೆಲವು ಡೆಸಿಲೀಟರಿಗೆ ಎಷ್ಟು ಅಂತ. ಡೆಸಿಲೀಟರ್ ಅಂದರೆ 100 ಮಿಲಿ, ಸಣ್ಣ ಲೋಟದಷ್ಟು. ಅದು ಲೀಟರಿನ ಲೆಕ್ಕ ಆಗಿದ್ದರೆ ಆ ಮಗುವಿನದು 3.1, ನಿಮ್ಮ ಮಗನದು ಅದೇ ಲೆಕ್ಕದಲ್ಲಿ 274. ಈ ಒಂದು ಸೊನ್ನೆಯಿಂದ ಎಷ್ಟು ಮನೆಗಳಲ್ಲಿ ಗೊಂದಲ ಆಗಿದ್ದನ್ನು ನಾನು ನೋಡಿದ್ದೇನೆ.

27.4 ಅಂದರೆ ಎಷ್ಟು ಅಂತ ಕಣ್ಣಿಗೆ ಕಟ್ಟಬೇಕಾದರೆ ಹೀಗೆ ನೋಡಿ. ಹದಿಮೂರು ಕಿಲೋ ತೂಗುವ ಮಗುವಿನ ಮೈಯಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ರಕ್ತ. ಅಷ್ಟೂ ರಕ್ತದಲ್ಲಿರುವ ಸೀಸವನ್ನು ಒಟ್ಟು ಮಾಡಿದರೆ ಕಾಲು ಮಿಲಿಗ್ರಾಂಗಿಂತ ಚೂರು ಜಾಸ್ತಿ. ಒಗ್ಗರಣೆಗೆ ಹಾಕುವ ಒಂದು ಸಾಸಿವೆ ಕಾಳನ್ನು ಹತ್ತು ಪಾಲು ಮಾಡಿದರೆ ಸುಮಾರು ಒಂದು ಪಾಲಿನ ತೂಕ. ಅಷ್ಟು ಸಾಕು, ರಕ್ತ ತಯಾರಾಗುವುದನ್ನೇ ತಡೆಯಲು. ಹಿಮೋಗ್ಲೋಬಿನ್ ಕಟ್ಟುವ ಕಿಣ್ವಗಳನ್ನು ಸೀಸ ಹಿಡಿದು ಕೂರಿಸುತ್ತದೆ. ನೀವು ಸಿರಪ್ ಕುಡಿಸುತ್ತಾ ಹೋದಿರಿ, ಆ ಕಡೆ ಅದು ಅಡ್ಡ ನಿಂತಿತ್ತು. ಆದರೂ ಸಿರಪ್ ನಿಲ್ಲಿಸಬೇಡಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಕರುಳು ಸೀಸವನ್ನು ಇನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ದೊಡ್ಡವರು ಸೀಸ ನುಂಗಿದರೆ ಹತ್ತರಲ್ಲಿ ಒಂದು ಭಾಗ ಒಳಗೆ ಸೇರುತ್ತೆ. ಚಿಕ್ಕ ಮಕ್ಕಳಲ್ಲಿ ಅರ್ಧದ ತನಕ ಸೇರಬಹುದು. ಅತ್ತೆ ಮಾವನಿಗೆ ಏನೂ ಆಗದೆ ಮೊಮ್ಮಗನಿಗೆ ಯಾಕೆ ಆಯಿತು ಅನ್ನುವುದಕ್ಕೆ ಇದು ಒಂದು ಉತ್ತರ. ಇನ್ನೊಂದು, ಅವನು ನೆಲದ ಮೇಲೆ ಆಡುತ್ತಾನೆ, ಕೈ ಬಾಯಿಗೆ ಹೋಗುತ್ತೆ.

ಮೈಸೂರಿನ ತಮ್ಮ ಹೇಳಿದ 40 ಹಳೆಯ ಮಾತು, ಅದೂ ಕೆಲಸಗಾರರದ್ದು. ಮಕ್ಕಳ ವಿಷಯದಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1985ರಲ್ಲಿ 25 ದಾಟಿದರೆ ಎಚ್ಚರ ಅಂತಿತ್ತು. 1991ರಲ್ಲಿ ಅದು 10ಕ್ಕೆ ಇಳಿಯಿತು, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ. ಮಕ್ಕಳು ಬದಲಾಗಲಿಲ್ಲ. ಕಡಿಮೆ ಇದ್ದರೂ ಕಲಿಕೆಗೆ, ಗಮನಕ್ಕೆ ಪೆಟ್ಟು ಬೀಳುತ್ತೆ ಅನ್ನುವುದು ಗೊತ್ತಾಗುತ್ತಾ ಹೋಯಿತು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಅನ್ನುವ ಡಾಕ್ಟರು ಶಾಲೆ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಸಿ ಅದರಲ್ಲಿ ಸೀಸ ಅಳೆದರು. ಹಲ್ಲಿನಲ್ಲಿ ಜಾಸ್ತಿ ಸೀಸ ಇದ್ದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಯಲ್ಲೂ ಹಿಂದಿದ್ದರು, ತರಗತಿಯಲ್ಲಿ ಗಮನ ಕೊಡುವುದರಲ್ಲೂ. ಮೈಮೇಲೆ ಯಾವ ಕಾಯಿಲೆಯೂ ಕಾಣದ ಮಕ್ಕಳು ಅವರು. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಿ ಅಂತ. 45 ದಾಟಿದ ಮಕ್ಕಳಿಗೆ ಸೀಸ ಹೊರಹಾಕುವ ಔಷಧಿ. ನಿಮ್ಮ ಮಗ ಇವೆರಡರ ನಡುವೆ ಇದ್ದಾನೆ. ಅಂದರೆ ಅವನಿಗೆ ಈಗ ಬೇಕಾದ ದೊಡ್ಡ ಔಷಧಿ ನಿಮ್ಮ ಮನೆಯ ನೆಲದಲ್ಲಿದೆ.

ಕೂದಲು ಪರೀಕ್ಷೆಗೆ ಎಂಟು ಸಾವಿರ ಕೊಡಬೇಡಿ. ಬ್ಯಾಟರಿ ಅಂಗಡಿಯ ಮನೆಯಲ್ಲಿ ಕೂದಲ ಮೇಲೆ ದೂಳು ಕೂತೇ ಇರುತ್ತೆ. ಎಷ್ಟು ತೊಳೆದರೂ ಹೊರಗಿನಿಂದ ಅಂಟಿದ ಸೀಸ ಯಾವುದು, ಒಳಗಿನಿಂದ ಬಂದದ್ದು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಕೂದಲು ಕೆಲಸಕ್ಕೇ ಬಾರದು ಅಂತಲ್ಲ. ಮೀನಿನಿಂದ ಬರುವ ಪಾದರಸಕ್ಕೆ ಅದು ಒಳ್ಳೆಯ ಸಾಕ್ಷಿ, ಯಾಕೆಂದರೆ ಅದು ತಿಂದು, ರಕ್ತಕ್ಕೆ ಸೇರಿ, ಕೂದಲು ಬೆಳೆಯುವಾಗಲೇ ಅದರೊಳಗೆ ಸೇರಿಕೊಂಡಿರುತ್ತದೆ. 1971-72ರಲ್ಲಿ ಇರಾಕಿನಲ್ಲಿ ಪಾದರಸದ ಔಷಧಿ ಸವರಿದ ಬಿತ್ತನೆ ಗೋಧಿಯನ್ನು ಜನ ರೊಟ್ಟಿ ಮಾಡಿ ತಿಂದು ದೊಡ್ಡ ಅನಾಹುತ ಆಯಿತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ ಅಲ್ವಾ, ತಾಯಂದಿರ ಕೂದಲನ್ನು ತುಂಡು ತುಂಡಾಗಿ ಅಳೆದು, ಬಸುರಿನ ಯಾವ ತಿಂಗಳಲ್ಲಿ ಎಷ್ಟು ಪಾದರಸ ಮೈಯಲ್ಲಿತ್ತು ಅಂತ ಓದಿದರು. ಒಂದೊಂದು ಲೋಹಕ್ಕೆ ಒಂದೊಂದು ಜಾಗ. ಸೀಸಕ್ಕೆ ರಕ್ತ.

ಇನ್ನು ಆ ಪುಡಿ. ಕೆಲವು ಕಡೆ ಮೊದಲು ಲೋಹ ಎಳೆಯುವ ಔಷಧಿ ಕೊಟ್ಟು, ಆಮೇಲೆ ಮೂತ್ರ ಹಿಡಿದು, "ನೋಡಿ ಎಷ್ಟು ವಿಷ ಬರ್ತಿದೆ" ಅಂತ ತೋರಿಸುತ್ತಾರೆ. ಆ ಔಷಧಿ ಕೊಟ್ಟರೆ ಯಾರ ಮೂತ್ರದಲ್ಲಾದರೂ ನಂಬರ್ ಏರುತ್ತದೆ. ಅದನ್ನು ಹೋಲಿಸಿ ನೋಡಲು ಸರಿಯಾದ ಅಳತೆಗೋಲೇ ಇಲ್ಲ. ದಯವಿಟ್ಟು ಮಗುವಿಗೆ ಅಂಥದ್ದು ಕೊಡಬೇಡಿ.

ನಿಮ್ಮ ದೊಡ್ಡ ಮಕ್ಕಳು ಯಾರಾದರೂ ಇದ್ದಾರಾ? ನೀವು ಬಸುರಿಯೋ, ಹಾಲು ಕುಡಿಸುತ್ತಿದ್ದೀರೋ? ಬರೆಯಿರಿ. ಈ ನಂಬರ್ ಒಬ್ಬ ಮಗುವಿನದು ಅಂತ ನೋಡಬೇಡಿ, ಇಡೀ ಮನೆಯದು.


ತುಮಕೂರಿನ ಅಮ್ಮ

ಅಕ್ಕಾ, ಓದಿ ಅತ್ತುಬಿಟ್ಟೆ. ಆದರೆ ಮೊದಲ ಸಲ ವಿಷಯ ಅರ್ಥ ಆಯಿತು. ಆ ಬೀದಿಯ ಮಗುವಿನ ರಿಪೋರ್ಟ್ ಫೋಟೋ ತರಿಸಿಕೊಂಡೆ. ನೀವು ಹೇಳಿದ್ದು ಸರಿ, ಅದು ಲೀಟರಿನ ಲೆಕ್ಕ. 3.1.

ಒಂಬತ್ತು ವರ್ಷದ ಮಗಳಿದ್ದಾಳೆ. ಶಾಲೆಯಿಂದ ಬಂದು ಅಂಗಡಿಯ ಮೇಜಿನ ಮೇಲೆಯೇ ಹೋಂವರ್ಕ್ ಮಾಡುತ್ತಾಳೆ. ಅವಳು ಪೆನ್ಸಿಲ್ ಕಚ್ಚುತ್ತಾಳೆ, ಅದರಿಂದ ಬಂದಿರಬಹುದಾ? ಮತ್ತೆ, ನನಗೆ ಈಗ ನಾಲ್ಕು ತಿಂಗಳು. ಇದನ್ನು ಮೊದಲೇ ಬರೆಯಬೇಕಿತ್ತು.

ಮನೆಯಲ್ಲಿ ಎಲ್ಲಿ ಹುಡುಕಲಿ ಅಂತ ಹೇಳಿ. ಅಂಗಡಿ ಗುಡಿಸುವವಳು ನಾನೇ.


ಹುಬ್ಬಳ್ಳಿ ಬ್ಯಾಟರಿ

ಅಕ್ಕಾರ, ನಾನೂ ಇದೇ ಕೆಲಸದವ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಡಾಕ್ಟರ ಮಾತಿಗಿಂತ ಇನ್ನೊಬ್ಬ ಬ್ಯಾಟರಿಯವನ ಮಾತು ನಮಗೆ ಬೇಗ ನಾಟುತ್ತದೆ.

2016ರಲ್ಲಿ ನನಗೆ ಹೊಟ್ಟೆ ತಿರುಚಿ ತಿರುಚಿ ನೋವು ಬರುತ್ತಿತ್ತು. ಅಪೆಂಡಿಕ್ಸ್ ಅಂತ ಆಪರೇಷನ್‌ಗೆ ದಿನ ಗೊತ್ತು ಮಾಡಿದ್ದರು. ಒಬ್ಬ ವಯಸ್ಸಾದ ಡಾಕ್ಟರು ಬಾಯಿ ತೆರೆಸಿ ಒಸಡಿನ ಅಂಚಿನಲ್ಲಿ ನೀಲಿ ಗೆರೆ ನೋಡಿದರು. ರಕ್ತ ಪರೀಕ್ಷೆಯಲ್ಲಿ 58 ಬಂತು. ಆಪರೇಷನ್ ಆಗಲಿಲ್ಲ.

ನಾವು ಸೀಸ ಕರಗಿಸುವ ಹೊಗೆಗೆ ಅಂಜುತ್ತೇವೆ. ಅದಕ್ಕೆ ಅಂಜಬೇಕು ಖರೆ. ಆದರೆ ಹೊಗೆಗಿಂತ ಮೋಸ ಮಾಡುವುದು ಪ್ಲೇಟಿನ ಪುಡಿ. ಬಿಚ್ಚಿದ ಪ್ಲೇಟ್ ಒಣಗಿದ ಮೇಲೆ ಮುಟ್ಟಿದರೆ ಕುಂಕುಮದಂತೆ ಉದುರುತ್ತದೆ. ಒಂದು ಪ್ಲೇಟಿನದು ಕಂದು, ಇನ್ನೊಂದರದು ಬೂದು. ಆ ಕೈಯಲ್ಲೇ ಬೀಡಿ ಹಿಡಿಯುತ್ತಿದ್ದೆ, ಆ ಕೈಯಲ್ಲೇ ಚಹಾ ಗ್ಲಾಸು. ನಾನು ಸೇದುವುದು ಬೀಡಿ ಅಂದುಕೊಂಡಿದ್ದೆ.

ಆಮೇಲೆ ಮಾಡಿದ್ದು ಇಷ್ಟು. ಅಂಗಡಿಗೆ ಬೇರೆ ಅಂಗಿ, ಬೇರೆ ಚಪ್ಪಲಿ. ಅವು ಮನೆ ಹೊಸ್ತಿಲು ದಾಟುವುದಿಲ್ಲ. ಕೆಲಸ ಮುಗಿದ ಮೇಲೆ ಅಲ್ಲೇ ತಲೆಗೆ ನೀರು ಹಾಕಿಕೊಂಡು ಮನೆಗೆ ಬರುವುದು. ಮೊದಲ ದಿನ ಬಚ್ಚಲಿನ ಬಿಳಿ ಟೈಲ್ ಮೇಲೆ ನನ್ನ ತಲೆಯಿಂದ ಇಳಿದ ನೀರಿನಲ್ಲಿ ಬೂದು ಕೆಸರು ನಿಂತದ್ದು ಕಂಡೆ. ಅಷ್ಟು ವರ್ಷ ಅದನ್ನೇ ದಿಂಬಿನ ಮೇಲೆ ಇಟ್ಟು, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದೆ. ಆವತ್ತು ಊಟ ಸೇರಲಿಲ್ಲ.

ಐದು ತಿಂಗಳಲ್ಲಿ 58 ಇದ್ದದ್ದು 39 ಆಯಿತು. ಮುಂದೆ ಭಾಳ ನಿಧಾನ ಇಳಿಯಿತು. ಈಗ ಪ್ಲೇಟ್ ಬಿಚ್ಚುವ ಕೆಲಸ ಬಿಟ್ಟಿದ್ದೇನೆ. ಹೊಸ ಬ್ಯಾಟರಿ ಮಾರುವುದು, ಚಾರ್ಜಿಂಗ್, ಡಿಸ್ಟಿಲ್ಡ್ ವಾಟರ್ ಹಾಕುವುದು ಇಷ್ಟೇ. ಹಳೆಯದನ್ನು ಹಾಗೆಯೇ ಡೀಲರಿಗೆ ಕೊಡುತ್ತೇನೆ. ದುಡಿಮೆ ಮೊದಲ ವರ್ಷ ಕಡಿಮೆ ಆಯಿತು, ಸುಳ್ಳು ಹೇಳುವುದಿಲ್ಲ. ನಡೆದುಹೋಗುತ್ತದೆ.


ಸುರಪುರದ ಮೇಷ್ಟ್ರು

ಒಂದು ಸಂದೇಹ. ನಮ್ಮ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಹಳೆಯ ಚಿನ್ನದ ಗಣಿಯ ಹತ್ತಿರ ಅಂತರ್ಜಲದಲ್ಲಿ ಆರ್ಸೆನಿಕ್ ಇದ್ದದ್ದು ಗೊತ್ತೇ ಇದೆ. ಅಂಗೈ ಗಂಟು ಗಂಟಾಗಿ ಒರಟಾದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಯಾವಾಗಲೂ ನೀರು ಪರೀಕ್ಷೆ ಮಾಡಿ ಸುಮ್ಮನಾಗುತ್ತೇವೆ. ಮನುಷ್ಯರನ್ನು ಪರೀಕ್ಷಿಸಬೇಕಾದರೆ ಅದಕ್ಕೂ ರಕ್ತವೇ?


ಲ್ಯಾಬ್ ಅಕ್ಕ

ಮೇಷ್ಟ್ರೇ, ಆರ್ಸೆನಿಕ್ ರಕ್ತದಲ್ಲಿ ಕೆಲವು ಗಂಟೆಗಳಷ್ಟೇ ನಿಲ್ಲುತ್ತದೆ. ಹಾಗಾಗಿ ಮೂತ್ರ ನೋಡುತ್ತೇವೆ. ಅದು ಹಿಂದಿನ ಎರಡು ಮೂರು ದಿನದ ಕಥೆ ಹೇಳುತ್ತೆ. ನಾಲ್ಕೈದು ದಿನ ಮೀನು, ಸಿಗಡಿ ತಿನ್ನದೆ ಮೂತ್ರ ಕೊಡಬೇಕು. ಕಡಲ ಆಹಾರದಲ್ಲಿ ಇನ್ನೊಂದು ಬಗೆಯ ಆರ್ಸೆನಿಕ್ ಇರುತ್ತೆ, ಅದು ಅಷ್ಟು ಕೆಟ್ಟದ್ದಲ್ಲ, ಆದರೆ ಒಟ್ಟು ನಂಬರ್ ಏರಿಸಿಬಿಡುತ್ತದೆ. ಹಿಂದಿನ ತಿಂಗಳುಗಳ ಲೆಕ್ಕ ಬೇಕಾದರೆ ಉಗುರು ಕತ್ತರಿಸಿ ಅಳೆಯುತ್ತಾರೆ. ನೀರಿನ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ಇದನ್ನು ಮಕ್ಕಳಿಗೆ ತರಗತಿಯಲ್ಲಿ ಹೇಳಿ. ನೀರು ಬದಲಾಯಿಸಿದ ಮೇಲೆ ಊರಿನವರ ಮೂತ್ರ ಮತ್ತೆ ನೋಡಿದರೆ, ಹೊಸ ನೀರನ್ನು ಅವರು ನಿಜವಾಗಿ ಕುಡಿಯುತ್ತಿದ್ದಾರಾ ಅನ್ನುವುದೂ ಗೊತ್ತಾಗುತ್ತೆ. ಬೋರ್‌ವೆಲ್ ಪರೀಕ್ಷೆಗೆ ಅದು ಗೊತ್ತಾಗದು.

ತಂಗಿ, ಈಗ ನಿಮಗೆ. ಪೆನ್ಸಿಲ್‌ಗೆ ನಾವು ಸೀಸದ ಕಡ್ಡಿ ಅಂತ ಹೆಸರಿಟ್ಟಿದ್ದೇವೆ, ಅದರಲ್ಲಿ ಸೀಸ ಇಲ್ಲ. ಅದು ಗ್ರಾಫೈಟ್. ಮಗಳ ತೊಂದರೆ ಪೆನ್ಸಿಲ್ ಅಲ್ಲ, ಆ ಮೇಜು.

ಮಗಳ, ಯಜಮಾನರ, ನಿಮ್ಮ ರಕ್ತ, ಮೂರನ್ನೂ ಮಗನ ಜೊತೆ ಒಂದೇ ಲ್ಯಾಬಿಗೆ ಒಂದೇ ದಿನ ಕೊಡಿ. ಮುಂದೆಯೂ ಅದೇ ಲ್ಯಾಬ್. ನಿಮ್ಮ ಸ್ತ್ರೀರೋಗ ಡಾಕ್ಟರಿಗೆ ನಾಳೆಯೇ ಹೇಳಿ. ಸೀಸ ರಕ್ತದಲ್ಲಿ ತಿಂಗಳ ಲೆಕ್ಕದಲ್ಲಿ ಇರುತ್ತೆ, ಆದರೆ ಮೂಳೆಯಲ್ಲಿ ಹತ್ತಾರು ವರ್ಷ ಕೂರುತ್ತದೆ. ಹುಬ್ಬಳ್ಳಿಯವರ ನಂಬರ್ ಬೇಗ ಇಳಿದು ಆಮೇಲೆ ನಿಧಾನ ಆದದ್ದು ಅದಕ್ಕೇ. ಬಸುರಿನಲ್ಲಿ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಬೇಕಾದಾಗ ಅಮ್ಮನ ಮೂಳೆ ಕರಗುತ್ತದೆ. ಅದರ ಜೊತೆ ಹಳೆಯ ಸೀಸವೂ ಹೊರಗೆ ಬಂದು ಹೊಟ್ಟೆಯ ಮಗುವಿಗೆ ಹೋಗುತ್ತದೆ. ನೀವು ಊಟದಿಂದ ಸಾಕಷ್ಟು ಕ್ಯಾಲ್ಸಿಯಂ ತಿಂದರೆ ಮೂಳೆ ಅಷ್ಟು ಕರಗುವುದಿಲ್ಲ. ರಾಗಿ, ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು. ಮಾತ್ರೆ ಎಷ್ಟು ಅಂತ ಡಾಕ್ಟರು ಹೇಳುತ್ತಾರೆ. ಅಂಗಡಿ ಗುಡಿಸುವುದನ್ನು ಇವತ್ತೇ ನಿಲ್ಲಿಸಿ.

ಪೊರಕೆ ಎತ್ತಿಡಿ. ಒಣ ಗುಡಿಸಿದರೆ ಪುಡಿ ಗಾಳಿಗೆ ಎದ್ದು, ಸಂಜೆ ಮತ್ತೆ ಅದೇ ನೆಲದ ಮೇಲೆ, ಪಾತ್ರೆಯ ಮೇಲೆ ಕೂರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಸೋಪಿನ ನೀರಿನಲ್ಲಿ, ಬೇರೆ ಬಕೆಟ್‌ನಲ್ಲಿ. ಅದನ್ನು ಯಜಮಾನರು ಮಾಡಲಿ.

ಹುಡುಕುವುದು ಎಲ್ಲಿ ಅಂತ ಕೇಳಿದಿರಿ. ನಾನಾಗಿದ್ದರೆ ಮಗುವಿನ ಹಿಂದೆಯೇ ಒಂದು ದಿನ ಪೂರ್ತಿ ಓಡಾಡುತ್ತಿದ್ದೆ, ಅವನು ಮುಟ್ಟಿದ್ದನ್ನೆಲ್ಲ ಬರೆದುಕೊಳ್ಳುತ್ತಾ. ಯಾವ ಬಾಗಿಲು, ಯಾವ ಆಟಿಕೆ, ಯಾರ ತೊಡೆ. ಹಾಗೆಯೇ ಅಂಗಡಿ ಬಿಟ್ಟು ಬೇರೆ ಮೂಲಗಳನ್ನೂ ನೋಡಿ: ಕಣ್ಣಿಗೆ ಹಚ್ಚುವ ಕಾಡಿಗೆ, ಹೆಸರಿಲ್ಲದ ನಾಟಿ ಭಸ್ಮ, ತೀರಾ ಮಿರಮಿರ ಹಳದಿಯ ಬಿಡಿ ಅರಿಸಿನ ಪುಡಿ, ಸುಲಿಯುತ್ತಿರುವ ಹಳೆಯ ಪೇಂಟ್, ಕಲಾಯಿ ಹಾಕಿಸಿದ ಪಾತ್ರೆ. ಕಲಾಯಿ ತಪ್ಪಲ್ಲ, ಆದರೆ ತವರಕ್ಕೆ ಸೀಸ ಬೆರೆಸಿದ್ದರೆ ಹುಣಸೆಹಣ್ಣಿನ ಸಾರು ಅದನ್ನು ಎಳೆದುಕೊಳ್ಳುತ್ತೆ.

ಮಗುವಿಗೆ ಮಲಬದ್ಧತೆ ಇದೆ ಅಂದಿರಲ್ಲ, ಸೀಸದ ಚೂರು ನುಂಗಿದ್ದರೆ ಹೊಟ್ಟೆಯ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕಿಯಾಗಿ ಕಾಣುತ್ತದೆ. ತೆಗೆಸಬೇಕಾ ಅಂತ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು, ಧೈರ್ಯಕ್ಕೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಪ್ರತಿದಿನ ಮೊದಲು ನಾವು ಬ್ಲ್ಯಾಂಕ್ ಓಡಿಸುತ್ತಿದ್ದೆವು. ಅಂದರೆ ರಕ್ತ ಇಲ್ಲದೆ ಬರೀ ಶುದ್ಧ ನೀರು, ಆ್ಯಸಿಡ್. ಅದರಲ್ಲಿ ಏನೂ ಬರಬಾರದು. ಒಂದು ಬೆಳಗ್ಗೆ ಸೆಖೆ ಅಂತ ರಸ್ತೆ ಕಡೆಯ ಕಿಟಕಿ ತೆಗೆದಿಟ್ಟಿದ್ದೆ, ಬ್ಲ್ಯಾಂಕ್‌ನಲ್ಲೇ ಸೀಸ ಬಂತು. ಆವತ್ತಿನ ಅಷ್ಟೂ ಸ್ಯಾಂಪಲ್ ಮತ್ತೆ ಮಾಡಬೇಕಾಯಿತು. ಅದೇ ಗಾಳಿಯನ್ನು ಊರಿಗೆ ಊರೇ ಕುಡಿಯುತ್ತಿತ್ತಲ್ಲ ಅಂತ ಆಗ ಹೊಳೆಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ಮಕ್ಕಳ ರಕ್ತ ಅಳೆದು ಅಳೆದು ಗಟ್ಟಿಯಾಗಿ ಹೇಳಿದರು. 2000ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು. ಆಮೇಲಿನ ವರ್ಷಗಳಲ್ಲಿ ನಮ್ಮ ಲ್ಯಾಬಿಗೆ ಬರುವ ಮಕ್ಕಳ ನಂಬರ್ ಇಳಿಯುತ್ತಾ ಬಂದದ್ದನ್ನು ನಾನೇ ಪುಸ್ತಕದಲ್ಲಿ ಬರೆದಿದ್ದೇನೆ. ಮೂಲ ನಿಂತರೆ ನಂಬರ್ ಇಳಿಯುತ್ತೆ, ತಂಗಿ.


ತುಮಕೂರಿನ ಅಮ್ಮ

ಮೂರೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ಓಡಾಟ ಬಹಳ ಇತ್ತು.

ತೋಳಿನಿಂದ ತೆಗೆಸಿದಾಗ ಮಗನದು 24.8. ಮಗಳದು 13.2. ನನ್ನದು 8.1. ಅವರದ್ದು 52. ಅವರ ನಂಬರ್ ನೋಡಿದ ಮೇಲೆ ಅತ್ತೆ ಮಿಷನ್ ಮಾತು ಎತ್ತಲಿಲ್ಲ.

ನೀವು ಹೇಳಿದಂತೆ ಒಂದು ಭಾನುವಾರ ಪೂರ್ತಿ ನೋಟ್‌ಬುಕ್ ಹಿಡಿದು ಮಗನ ಹಿಂದೆ ತಿರುಗಿದೆ. ಅಂಗಡಿಯೊಳಗೆ ಅವನು ಹೋಗಿದ್ದು ಎರಡೇ ಸಲ. ಆದರೆ ಅವರ ಬೈಕ್ ಇದೆಯಲ್ಲ, ಸಂಜೆ ಒಂದು ರೌಂಡ್ ಅಂತ ಅವನನ್ನು ಟ್ಯಾಂಕ್ ಮೇಲೆ ಮುಂದೆ ಕೂರಿಸಿಕೊಳ್ಳುತ್ತಾರೆ. ಎರಡೂ ಕೈ ಟ್ಯಾಂಕ್ ಮೇಲೆ. ಆಮೇಲೆ ಬೇಕರಿ ಮುಂದೆ ನಿಲ್ಲಿಸಿ ಬನ್ ಕೊಡಿಸುತ್ತಾರೆ. ಮನೆಗೆ ಬಂದ ಮೇಲೆ ಒದ್ದೆ ಟಿಶ್ಯೂ ತಗೊಂಡು ಟ್ಯಾಂಕ್ ಒರೆಸಿದೆ. ಬಿಳಿ ಟಿಶ್ಯೂ ಬೂದಿ ಮೆತ್ತಿದ ಹಾಗೆ ಆಯಿತು. ಅವರಿಗೆ ತೋರಿಸಿದೆ. ಏನೂ ಮಾತಾಡಲಿಲ್ಲ. ಅದನ್ನು ಹಿಡಿದುಕೊಂಡು ಜಗಲಿಯ ಮೇಲೆ ತುಂಬಾ ಹೊತ್ತು ಕೂತಿದ್ದರು. ದಿನವಿಡೀ ದುಡಿದು ಬಂದು ಮಗನಿಗೆ ಪ್ರೀತಿಯಿಂದ ಮಾಡುತ್ತಿದ್ದ ಒಂದೇ ಕೆಲಸ ಅದು.

ಹುಬ್ಬಳ್ಳಿ ಅಣ್ಣ, ನೀವು ಬರೆದದ್ದನ್ನು ಅವರಿಗೆ ಎರಡು ಸಲ ಓದಿದೆ. ಪ್ಲೇಟ್ ಬಿಚ್ಚುವುದು ನಿಂತಿದೆ. ಅಂಗಡಿಯನ್ನು ಬಸ್ ಸ್ಟ್ಯಾಂಡ್ ಕಡೆ ಸಣ್ಣ ಮಳಿಗೆಗೆ ಬದಲಾಯಿಸಿದ್ದೇವೆ. ಬಾಡಿಗೆ ಹೊರೆ ಆಗಿದೆ. ಮುಂದಿನ ಕೋಣೆಯನ್ನು ಅವರು ನಾಲ್ಕು ಸಲ ಒದ್ದೆ ಒರೆಸಿ, ಹೊಸ ಬಣ್ಣ ಹೊಡೆಸಿದರು. ಡಬ್ಬಿಯ ಮೇಲೆ ಸೀಸ ಇಲ್ಲ ಅಂತ ಬರೆದದ್ದನ್ನು ನೋಡಿಯೇ ತಂದರು.

ಮೊನ್ನೆ ಮತ್ತೆ ಪರೀಕ್ಷೆ ಆಯಿತು. ಮಗ 17.3, ಮಗಳು 9.6, ನಾನು 7.4, ಅವರು 41. ಮಗನ ಹಿಮೋಗ್ಲೋಬಿನ್ 10.4. ಮೊನ್ನೆ ಅನ್ನ ಸಾರು ಇನ್ನೊಂದು ಸಲ ಹಾಕು ಅಂದ.

ಎರಡು ಪ್ರಶ್ನೆ ಉಳಿದಿದೆ ಅಕ್ಕಾ. ನನ್ನದು ಯಾಕೆ ಇಷ್ಟು ಕಡಿಮೆ ಇಳಿದಿದೆ? ಹೆರಿಗೆ ಆದ ಮೇಲೆ ಮಗುವಿಗೆ ನನ್ನ ಹಾಲು ಕೊಡಬಹುದಾ? ಮಗನಿಗೆ ಆದ ನಷ್ಟ ತುಂಬುತ್ತಾ ಅಂತ ಕೇಳಲು ಧೈರ್ಯ ಇಲ್ಲ.


ಲ್ಯಾಬ್ ಅಕ್ಕ

ತಂಗಿ, ಆ ಟಿಶ್ಯೂ ನಾನು ಅಳೆದ ಎಷ್ಟೋ ಸ್ಯಾಂಪಲ್‌ಗಿಂತ ಹೆಚ್ಚು ಕೆಲಸ ಮಾಡಿದೆ. ಯಜಮಾನರಿಗೆ ಹೇಳಿ, ಬೈಕ್ ಚೆನ್ನಾಗಿ ತೊಳೆದು, ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಮಗನನ್ನು ಮತ್ತೆ ಸುತ್ತಿಸಲಿ. ಅದು ನಿಲ್ಲಬಾರದು. ಟ್ಯಾಂಕ್ ಮೇಲೆ ಬೇಡ, ಹಿಂದೆ ನೀವೋ ಮಗಳೋ ಹಿಡಿದುಕೊಂಡು ಕೂರಿ. ಬನ್ ಮಾತ್ರ ಕೈ ತೊಳೆದ ಮೇಲೆ.

ನಿಮ್ಮದು ನಿಧಾನ ಇಳಿಯುತ್ತಿರುವುದು ಮೂಳೆಯಿಂದ ಬರುತ್ತಿರುವ ಹಳೆಯ ಸೀಸದಿಂದ ಇರಬೇಕು, ಬಸುರಿನ ಕೊನೆಯ ತಿಂಗಳುಗಳಲ್ಲಿ ಅದು ಸ್ವಲ್ಪ ಏರಲೂಬಹುದು. ಗಾಬರಿ ಬೇಡ, ಕ್ಯಾಲ್ಸಿಯಂ ಬಿಡಬೇಡಿ. ಎದೆಹಾಲು ಧಾರಾಳವಾಗಿ ಕೊಡಿ. ತಾಯಿಯ ರಕ್ತದಲ್ಲಿ 40 ದಾಟಿದರೆ ಮಾತ್ರ ಹಾಲು ನಿಲ್ಲಿಸುವ ಮಾತು ಬರುತ್ತದೆ. ನೀವು ಅದರ ಹತ್ತಿರದಲ್ಲೂ ಇಲ್ಲ.

ಮಗನ ಬಗ್ಗೆ ನೀವು ಕೇಳದೆ ಬಿಟ್ಟಿದ್ದಕ್ಕೂ ಉತ್ತರ ಕೊಡುತ್ತೇನೆ. ಆಗಿಹೋದ ಪೆಟ್ಟನ್ನು ಪೂರ್ತಿ ಅಳಿಸುವ ಔಷಧಿ ಇಲ್ಲ. ಎಷ್ಟು ಪೆಟ್ಟು ಬಿದ್ದಿದೆ ಅಂತ ಒಂದು ನಂಬರ್ ನೋಡಿ ಯಾರೂ ಹೇಳಲಾರರು. ಆದರೆ ಅವನಿಗೆ ಇನ್ನೂ ನಾಲ್ಕು ತುಂಬಿಲ್ಲ, ಮಿದುಳು ಬೆಳೆಯುತ್ತಲೇ ಇದೆ. ಅವನ ಜೊತೆ ಮಾತಾಡಿ, ಕಥೆ ಹೇಳಿ, ಮಾತು ನಡಿಗೆ ಎಲ್ಲ ವಯಸ್ಸಿಗೆ ಸರಿಯಾಗಿದೆಯಾ ಅಂತ ಮಕ್ಕಳ ಡಾಕ್ಟರಿಂದ ಆರು ತಿಂಗಳಿಗೊಮ್ಮೆ ನೋಡಿಸಿ. ಶಾಲೆಗೆ ಸೇರಿಸುವಾಗ ಟೀಚರಿಗೆ ಈ ವಿಷಯ ಮುಚ್ಚಿಡಬೇಡಿ. ಓದಿನಲ್ಲಿ ಎಲ್ಲಾದರೂ ತಡವರಿಸಿದರೆ "ತುಂಟ" ಅಂತ ಬಿಟ್ಟುಬಿಡದೆ ಬೇಗ ಕೈ ಹಿಡಿಯುತ್ತಾರೆ.

ಮುಂದಿನ ಪರೀಕ್ಷೆ ಮೂರು ತಿಂಗಳಿಗೆ, ಅದೇ ಲ್ಯಾಬಿನಲ್ಲಿ, ತೋಳಿನಿಂದ. ಹೆರಿಗೆಗೆ ಹೋಗುವಾಗ ಈ ಎಲ್ಲ ರಿಪೋರ್ಟ್ ಚೀಲದಲ್ಲಿ ಇಟ್ಟುಕೊಳ್ಳಿ. ಹೊಕ್ಕುಳಬಳ್ಳಿಯ ರಕ್ತ ಒಂದು ನೇರಳೆ ಟ್ಯೂಬಿನಲ್ಲಿ ತೆಗೆದಿಡಲು ಡಾಕ್ಟರಿಗೆ ಮೊದಲೇ ಹೇಳಿ. ಮಗುವಿಗೆ ಸೂಜಿ ಚುಚ್ಚದೆ ಅದರ ಮೊದಲ ನಂಬರ್ ಸಿಗುತ್ತದೆ. ಬಂದ ದಿನ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.